ಮೇಲಿನ ಮೋಟಾರಿನ ಬಟನ್

ನಾನು ಒತ್ತಿದ್ದು ಮೇಲಿನ ಮೋಟಾರಿನ ಬಟನ್ನು. ತಿರುಗಿದ್ದು ಕೆಳಗಿನ ಮೋಟಾರು. ಅದರ ಚಕ್ರದ ಮೇಲೆ ನನ್ನ ಗಂಡನ ಕೈ ಇತ್ತು.

ಇಷ್ಟು ಚಿಕ್ಕದಾಗಿ ಹೇಳಲು ಈಗ ಬರುತ್ತದೆ. ಆವತ್ತು ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಫೋನ್ ಹಿಡಿದು ನಿಂತವಳಿಗೆ ಮೊದಲು ಹಳ್ಳದ ಕಡೆಯಿಂದ ಮೋಟಾರಿನ ಗುಂಯ್ ಸದ್ದು ಕೇಳಿತು, ಅದರ ಬೆನ್ನಿಗೇ ಇವರ ಕೂಗು. ನಮ್ಮನೆಯಲ್ಲಿ ಕೂಗಾಡುವುದೇನಿದ್ದರೂ ನನ್ನ ಪಾಲಿನ ಕೆಲಸ. ಇವರ ಗಂಟಲು ಏರಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿದವಳಲ್ಲ. ಹಾಗಾಗಿ ಅದು ಇವರದೇ ದನಿ ಎಂದು ಗೊತ್ತಾಗುವುದಕ್ಕೇ ಒಂದು ಕ್ಷಣ ಹಿಡಿಯಿತು.

ಮೊದಲಿನಿಂದಲೇ ಹೇಳುತ್ತೇನೆ. ಇಲ್ಲದಿದ್ದರೆ ಓದುವವರಿಗೂ ನಾನೇ ಏನೋ ತಪ್ಪು ಒತ್ತಿರಬೇಕು ಅನ್ನಿಸಿಬಿಡುತ್ತದೆ. ಎಲ್ಲರಿಗೂ ಹಾಗೇ ಅನ್ನಿಸಿತ್ತು.

ಜಾವಳಿ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಕೊಯ್ಲು ಮುಗಿದ ಮೇಲೆ ಗಿಡ ಹೂ ಬಿಡಬೇಕಾದರೆ ಹದವಾದ ಒಂದು ಮಳೆ ಬೇಕು. ಮಳೆ ಕೈಕೊಟ್ಟರೆ ನಾವೇ ಸ್ಪ್ರಿಂಕ್ಲರ್ ಹಾಕಿ ಗಿಡಗಳ ಮೇಲೆ ನೀರು ಹಾರಿಸುತ್ತೇವೆ. ಅದಕ್ಕೆ ಎರಡು ಮೋಟಾರು. ಒಂದು ಕೆಳಗೆ ಹಳ್ಳದ ದಡದಲ್ಲಿ, ಇನ್ನೊಂದು ಮೇಲೆ ಕೆರೆ ಏರಿಯ ಪಕ್ಕದಲ್ಲಿ. ಮನೆ ನಡುವೆ. ಮೋಟಾರು ಎಳೆಯುವಂಥ ಕರೆಂಟು ದಿನಕ್ಕೆ ಕೆಲವೇ ಗಂಟೆ ಬರುತ್ತದೆ, ಅದೂ ಅದಕ್ಕೆ ಇಷ್ಟ ಬಂದಾಗ. ಬಂದ ಕೂಡಲೇ ಒಬ್ಬರು ಹಳ್ಳಕ್ಕೆ ಇಳಿಯಬೇಕು, ಒಬ್ಬರು ಏರಿಗೆ ಹತ್ತಬೇಕು. ಅಷ್ಟರಲ್ಲಿ ಕರೆಂಟು ಹೋಗಿರುತ್ತದೆ. ಮತ್ತೆ ಬರುವ ತನಕ ಅಲ್ಲೇ ಜಿಗಣೆ ಕಚ್ಚಿಸಿಕೊಂಡು ಕೂರಬೇಕು.

ಈ ಒದ್ದಾಟ ನೋಡಿ ನನ್ನ ತಮ್ಮ ಒಂದು ಉಪಾಯ ಮಾಡಿದ. ಅವನು ಮೂಡಿಗೆರೆಯಲ್ಲಿ ಅಂಗಡಿಯೊಂದರ ಮೇಲಿನ ರೂಮಿನಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವವನು. ಮೋಟಾರಿನ ಸ್ಟಾರ್ಟರಿಗೆ ಸಿಮ್ ಇರುವ ಒಂದು ಡಬ್ಬಿ ಕೂರಿಸಿದ. ಹಳ್ಳದಲ್ಲಿ ಸಿಗ್ನಲ್ ಸಿಗಲಿ ಅಂತ ಉದ್ದದ ಬಿದಿರಿನ ತುದಿಗೆ ಆಂಟೆನಾ ಕಟ್ಟಿದ. ಆಮೇಲೆ ಫೋನಿನಲ್ಲೇ ಲಾಗಿನ್ ಆಗಿ ಮೋಟಾರು ಹಾಕಿ ತೆಗೆಯುವ ಹಾಗೆ ಒಂದು ವೆಬ್ ಅಪ್ಲಿಕೇಶನ್ ಬರೆದ. ಲಾಗಿನ್ ಆದರೆ ಎರಡು ಮೋಟಾರಿನ ಹೆಸರು ಕಾಣುತ್ತದೆ. ಒಂದನ್ನು ಮುಟ್ಟಿದರೆ ಅದರ ಪುಟ. ಪುಟದ ನೆತ್ತಿಯಲ್ಲಿ 'ಮೇಲಿನ ಮೋಟಾರು' ಅಥವಾ 'ಕೆಳಗಿನ ಮೋಟಾರು', ಅದರಡಿ ಹಸಿರು ಬಟನ್ನು, ಕೆಂಪು ಬಟನ್ನು. ಹಸಿರು ಒತ್ತಿದರೆ ಚಾಲೂ, ಕೆಂಪು ಒತ್ತಿದರೆ ಬಂದ್. ಮಗುವಿಗೂ ಅರ್ಥವಾಗುವಂಥದ್ದು.

ಮದುವೆಗೆ ಮುಂಚೆ ಚಿಕ್ಕಮಗಳೂರಿನ ಒಂದು ಆಫೀಸಿನಲ್ಲಿ ನಾನೂ ಇದೇ ಕೆಲಸ ಮಾಡುತ್ತಿದ್ದೆ. ಇಲ್ಲಿ ನೆಟ್‌ವರ್ಕ್ ಸಿಗದೆ ಬಿಟ್ಟೆ. ತಮ್ಮನ ಪುಟ ನೋಡಿ ಹೊಟ್ಟೆ ತುಂಬಿತು. ಸುಳ್ಳು ಯಾಕೆ ಹೇಳಲಿ, ನೆಂಟರ ಮನೆಯಲ್ಲೆಲ್ಲ ಜಂಬ ಕೊಚ್ಚಿಕೊಂಡು ಬಂದೆ. ಆಮೇಲೆ ಅವನು ಬೇರೆ ತೋಟಗಳಿಗೂ ಅದನ್ನು ಕೂರಿಸಿಕೊಟ್ಟ.

ಆದರೆ ನಮ್ಮಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಣದ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿಯೂ ಒಂದು ಪುಟ ತೆರೆಯಬೇಕಾದರೆ ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿ ಹೋಗಿರುತ್ತದೆ. ಮೇಲಿನ ಮೋಟಾರಿನ ಪುಟದಿಂದ ಹಿಂದೆ ಹೋಗಿ ಕೆಳಗಿನದಕ್ಕೆ ಬರುವಷ್ಟರಲ್ಲಿ ತಾಳ್ಮೆ ಕೆಡುತ್ತದೆ, ನನ್ನಂಥವಳಿಗಂತೂ ಕೇಳುವುದೇ ಬೇಡ. ಅದಕ್ಕೇ ಆ ವಾರ ನಾನೊಂದು ದಾರಿ ಕಂಡುಕೊಂಡೆ. ಒಂದು ಟ್ಯಾಬಿನಲ್ಲಿ ಮೇಲಿನ ಮೋಟಾರು, ಇನ್ನೊಂದು ಟ್ಯಾಬಿನಲ್ಲಿ ಕೆಳಗಿನ ಮೋಟಾರು. ಬೆಳಿಗ್ಗೆ ಒಂದು ಸಲ ಕಷ್ಟಪಟ್ಟು ಎರಡನ್ನೂ ತೆರೆದಿಟ್ಟುಕೊಂಡರೆ ಮುಗಿಯಿತು. ಈ ಕಡೆ ಯಾರೇ ಆದರೂ ಹಾಗೇ ಮಾಡುತ್ತಾರೆ. ಸಿಕ್ಕಿದ ಪುಟವನ್ನು ಯಾರು ಮುಚ್ಚುತ್ತಾರೆ! ಎರಡು ಟ್ಯಾಬು ಶುರು ಮಾಡಿದ ಮೇಲೆ, ಕೆಳಗಿನದು ಆಗಲೇ ಓಡುತ್ತಿದ್ದಾಗ, ಒಂದೆರಡು ಸಲ ಮೇಲಿನದು ಒತ್ತಿದರೂ ಏರಿಯ ಹತ್ತಿರ ಸದ್ದಿರಲಿಲ್ಲ. ಕರೆಂಟಿಗೆ ಬೈದು, ಪುಟವನ್ನು ಮತ್ತೊಮ್ಮೆ ತೆರೆದು ಒತ್ತಿದ್ದೆ. ಹತ್ತಿಕೊಂಡಿತ್ತು. ಅಲ್ಲಿಗೆ ಮರೆತೆ.

ಇನ್ನೊಂದು ಮಾತು. ಮೋಟಾರು ಬಿಚ್ಚುವಾಗ ಫ್ಯೂಸ್ ಕಿತ್ತಿಡಬೇಕು ಅನ್ನುವುದು ಇವರಿಗೆ ಗೊತ್ತಿರಲಿಲ್ಲ ಅಂತಲ್ಲ. ಸಿಮ್ ಡಬ್ಬಿ ಓಡುವುದು ಇಡೀ ದಿನ ಇರುವ ಸಣ್ಣ ಕರೆಂಟಿನಲ್ಲಿ. ಫ್ಯೂಸ್ ಕಿತ್ತರೆ ಅದೂ ಸತ್ತು, ಮತ್ತೆ ಸಿಗ್ನಲ್ ಹಿಡಿಯುವುದಕ್ಕೆ ಮಧ್ಯಾಹ್ನವಾಗುತ್ತದೆ. ಅದಕ್ಕೆ ಹೂವಿನ ನೀರು ಹಾರಿಸುವ ದಿನಗಳಲ್ಲಿ ಯಾರೂ ಫ್ಯೂಸ್ ಮುಟ್ಟುವುದಿಲ್ಲ. ಫೋನ್ ಹಿಡಿದವರಿಗೆ ಒಂದು ಮಾತು ಹೇಳಿ ಹೋಗುತ್ತಾರೆ, ಅಷ್ಟೆ.

ಇವರೂ ಹೇಳಿಯೇ ಹೋದರು.

ಆವತ್ತು ಬೆಳಿಗ್ಗೆ ಹಳ್ಳದ ಮೋಟಾರು ಕಟಕಟ ಅಂತಿತ್ತು. ಮೋಟಾರನ್ನೂ ಪಂಪನ್ನೂ ಜೋಡಿಸುವ ಕಬ್ಬಿಣದ ಚಕ್ರ ಇರುತ್ತದಲ್ಲ, ಕಪ್ಲಿಂಗು, ಅದರ ರಬ್ಬರು ಸವೆದಿತ್ತು. ಹೊಸ ರಬ್ಬರು ಜೇಬಿಗೆ ಹಾಕಿಕೊಂಡು, ಸ್ಪ್ಯಾನರ್ ಹಿಡಿದು ಇಳಿಯುವಾಗ ಅಂದರು, "ಕೆಳಗಿಂದು ಮುಟ್ಬೇಡ ಮಾರಾಯ್ತಿ. ಕರೆಂಟ್ ಬಂದ್ರೆ ಮೇಲಿಂದು ಹಾಕು."

"ಆಯ್ತು ಮಾರಾಯ್ರೆ, ನಾನೇನು ಕಿವುಡಿಯಾ?" ಅಂದೆ.

ಕರೆಂಟು ಬಂತು. ಮೇಲಿನದರ ಪುಟವನ್ನು ಆಗಷ್ಟೇ ಹೊಸದಾಗಿ ತರಿಸಿಕೊಂಡಿದ್ದೆ. ಹಸಿರು ಒತ್ತುವ ಮುಂಚೆ ನನಗೊಂದು ಅಳುಕು. ಕೆಳಗಿನದು ನಿಜಕ್ಕೂ ಬಂದ್ ಆಗಿದೆಯಾ? ಅದರ ಟ್ಯಾಬಿಗೆ ಹೋಗಿ ಪುಟವನ್ನು ಹೊಸದಾಗಿ ತರಿಸಿದೆ. ಕಾದೆ. 'ಕೆಳಗಿನ ಮೋಟಾರು, ಬಂದ್' ಅಂತ ಬಂತು. ಸಮಾಧಾನವಾಯಿತು. ಮೇಲಿನದರ ಟ್ಯಾಬಿಗೆ ಮರಳಿದೆ. ನೆತ್ತಿಯಲ್ಲಿ 'ಮೇಲಿನ ಮೋಟಾರು' ಅಂತ ಇತ್ತು. ಕಣ್ಣಾರೆ ಓದಿದೆ. ಹಸಿರು ಬಟನ್ನು ಒತ್ತಿದೆ. ಕೆಳಗೆ ಸಣ್ಣಕ್ಷರದಲ್ಲಿ 'ಮೋಟಾರು ಚಾಲೂ ಆಗಿದೆ' ಅಂತ ಮೂಡಿತು.

ಆಮೇಲೆ ಆ ಕೂಗು.

ಬೆರಳು ಇನ್ನೂ ಆ ಪುಟದ ಮೇಲೇ ಇತ್ತು. ಏನು ಎತ್ತ ಅಂತ ಯೋಚಿಸದೆ ಅಲ್ಲೇ ಇದ್ದ ಕೆಂಪು ಬಟನ್ನು ಅದುಮಿದೆ. ಹಳ್ಳದ ಸದ್ದು ನಿಂತಿತು. ನಾನು ಓಡಿದೆ. ಫೋನು ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಕಳಚಿತೋ. ಇಳಿದು ನೋಡಿದರೆ ಇವರು ಮಣ್ಣಿನ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಾರೆ. ರಕ್ತ ಮೊಣಕೈ ತನಕ. ಕೊನೆಯ ಎರಡು ಬೆರಳು ಬೆರಳಿನ ಹಾಗಿರಲಿಲ್ಲ. ನನ್ನ ಮುಖ ನೋಡಿ ಇವರು ಒಂದೇ ಮಾತು ಅಂದರು.

"ಕೆಳಗಿಂದು ಒತ್ತಿಬಿಟ್ಯಲ್ಲೇ."

"ಇಲ್ಲ ರೀ! ಮೇಲಿಂದೇ ಒತ್ತಿದ್ದು ನಾನು! ದೇವರಾಣೆ!"

ಇವರು ತಲೆ ಆಡಿಸಿದರು. ಹೌದು ಅನ್ನುವ ಹಾಗೂ ಅಲ್ಲ, ಇಲ್ಲ ಅನ್ನುವ ಹಾಗೂ ಅಲ್ಲ. ಅಷ್ಟು ನೋವಿನಲ್ಲಿ ನನ್ನನ್ನು ಸಮಾಧಾನ ಮಾಡುವ ಹಾಗೆ.

ಪಕ್ಕದ ತೋಟದ ಜೀಪಿನಲ್ಲಿ ಮೂಡಿಗೆರೆಗೆ ಒಯ್ದೆವು. ಅಲ್ಲಿ ರಕ್ತ ನಿಲ್ಲಿಸಿ ಚಿಕ್ಕಮಗಳೂರಿಗೆ ಕಳಿಸಿದರು. ಉಂಗುರದ ಬೆರಳು ಉಳಿಯಿತು. ಕಿರುಬೆರಳು ಅರ್ಧ ಹೋಯಿತು. ಆಪರೇಷನ್ ಮುಗಿಸಿ ಹೊರಗೆ ಬಂದ ಡಾಕ್ಟರು ಇದನ್ನು ಒಳ್ಳೆಯ ಸುದ್ದಿಯ ಹಾಗೆ ಹೇಳಿದರು. ನನಗೆ ಕಿವಿಯೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿಸಿಕೊಂಡೆ.

ತಮ್ಮ ಓಡಿ ಬಂದ. ಆಸ್ಪತ್ರೆಯ ವರಾಂಡದಲ್ಲಿ ಅವನನ್ನು ಹಿಡಿದು ನಿಲ್ಲಿಸಿ ಕೇಳಿದೆ, "ನಾನು ಮೇಲಿಂದು ಒತ್ತಿದ್ದು ಕಣೋ. ಕೆಳಗಿಂದು ಹೆಂಗೆ ಸ್ಟಾರ್ಟ್ ಆಯ್ತು?"

"ಗಾಬರೀಲಿ ಕಣ್ತಪ್ಪಿರ್ತದೆ ಅಕ್ಕ."

"ಒತ್ತುವಾಗ ಎಂತ ಗಾಬರಿ ನಂಗೆ? ಗಾಬರಿ ಆಗಿದ್ದು ಒತ್ತಿದ ಮೇಲೆ!"

"ಸರ್ವರ್ ಹಂಗೆಲ್ಲ ತಪ್ಪು ಮಾಡಲ್ಲ ಅಕ್ಕ. ನೀನೇ ಈ ಕೆಲಸ ಮಾಡಿದವಳು, ನಿಂಗೊತ್ತಿಲ್ವಾ?"

ಫೋನು ಕಣದ ಕಲ್ಲಿನ ಮೇಲೆ ಬಿದ್ದು ಪರದೆ ಪುಡಿಯಾಗಿತ್ತು. ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ, ನನ್ನ ಕಣ್ಣು ಕಂಡದ್ದು ಬಿಟ್ಟರೆ. ಆ ಕಣ್ಣನ್ನೂ ಎರಡನೆಯ ದಿನದ ಹೊತ್ತಿಗೆ ನಾನೇ ಅನುಮಾನಿಸತೊಡಗಿದ್ದೆ.

ಅದಕ್ಕಿಂತ ಕಷ್ಟವಾದದ್ದು ಬೇರೆ. ನೋಡಲು ಬಂದವರೆಲ್ಲ "ಹೆಂಗಾಯ್ತು?" ಅಂತ ಕೇಳುತ್ತಿದ್ದರಲ್ಲ, ಇವರು ಒಬ್ಬೊಬ್ಬರಿಗೂ ಒಂದೇ ಉತ್ತರ ಕೊಟ್ಟರು. "ನನ್ನದೇ ತಪ್ಪು ಮಾರಾಯ. ಓಡ್ತಾ ಇರೋ ಮೋಟಾರಿಗೆ ಕೈ ಹಾಕಿದೆ." ನನ್ನ ಅತ್ತೆಗೂ ಹಾಗೇ, ನನ್ನ ತಾಯಿಗೂ ಹಾಗೇ. ಮಂಚದ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಾ ಕೂತ ನಾನು ಕೇಳಿಸಿಕೊಳ್ಳಬೇಕು. ಬಂದವರು ಇವರಿಗೆ ಬುದ್ಧಿ ಹೇಳಿ ಹೋಗುತ್ತಿದ್ದರು. ಇವರು ತಲೆ ತಗ್ಗಿಸಿ ಕೇಳುತ್ತಿದ್ದರು.

ನನ್ನ ಮಾನ ಉಳಿಸುವುದಕ್ಕೆ ಸುಳ್ಳು ಹೇಳುತ್ತಿದ್ದಾರೆ! ಅಂದರೆ ನಾನೇ ಒತ್ತಿದೆ ಅಂತ ಇವರಿಗೆ ಅಷ್ಟು ಖಾತ್ರಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕ್ಷಮಿಸಿದವರ ಹತ್ತಿರ ಜಗಳ ಆಡುವುದು ಹೇಗೆ? ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತಲ್ಲ ಅಂತ ಮೈಯೆಲ್ಲ ಉರಿಯುತ್ತಿತ್ತು. ಮುಖ ತಿರುಗಿಸಿಕೊಂಡೇ ಕಿತ್ತಳೆ ತೊಳೆಯನ್ನು ಇವರ ಬಾಯಿಗೆ ಇಡುತ್ತಿದ್ದೆ. "ಅಳ್ಬೇಡ," ಅನ್ನುತ್ತಿದ್ದರು ಇವರು. ನಾನು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿ ಉರಿಯುತ್ತಿದ್ದೆ.

ಒಂದು ಮಧ್ಯಾಹ್ನ, ಇವರಿಗೆ ನಿದ್ದೆ ಹತ್ತಿದಾಗ, ಆವತ್ತಿನದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸಿ ನೋಡುತ್ತಿದ್ದೆ. ಆಗ ಹೊಳೆಯಿತು. ಕೂಗು ಕೇಳಿದಾಗ ನಾನು ಟ್ಯಾಬ್ ಬದಲಿಸಿರಲಿಲ್ಲ. ಎಲ್ಲಿ ಹಸಿರು ಒತ್ತಿದ್ದೆನೋ ಅಲ್ಲೇ ಕೆಂಪು ಒತ್ತಿದ್ದು. ಮೇಲಿನ ಪುಟದ ಕೆಂಪು ಬಟನ್ನಿಗೆ ಕೆಳಗಿನ ಮೋಟಾರು ನಿಂತಿತ್ತು. ಹಾಗಾದರೆ ಪುಟದ ಹೆಸರೊಂದು, ಅದು ಮಾಡುವ ಕೆಲಸ ಇನ್ನೊಂದು. ಅತ್ತೆಯನ್ನು ಇವರ ಹತ್ತಿರ ಬಿಟ್ಟು ಮೂಡಿಗೆರೆ ಬಸ್ಸು ಹತ್ತಿದೆ.

ತಮ್ಮನ ರೂಮಿನಲ್ಲಿ ಮೇಜಿನ ಮೇಲೆ ಎರಡು ಬಲ್ಬು, ಎರಡು ಸಿಮ್ ಡಬ್ಬಿ. ಹೊಸ ತೋಟಕ್ಕೆ ಕೂರಿಸುವ ಮುಂಚೆ ಮೋಟಾರಿನ ಬದಲು ಬಲ್ಬು ಕಟ್ಟಿ ಪರೀಕ್ಷೆ ಮಾಡುತ್ತಿದ್ದ. "ಕೋಡ್ ತೆಗಿ," ಅಂದೆ. ಚಾ ತರಿಸಲಾ ಅಂದ. "ಕೋಡ್ ತೆಗೀತೀಯೋ ಇಲ್ವೋ?"

ತೆಗೆದ. ಓದಿದೆ. ಹೆಚ್ಚೇನೂ ಓದಬೇಕಾಗಲಿಲ್ಲ.

ಅಲ್ಲಿ ಕಂಡದ್ದು ಹೇಳಬೇಕಾದರೆ ಸೆಷನ್ ಅಂದರೇನು ಅಂತ ಹೇಳಬೇಕು. ವೆಬ್ಬಿನಲ್ಲಿ ಸರ್ವರಿಗೆ ತಾನಾಗಿ ನೆನಪು ಅನ್ನುವುದಿಲ್ಲ. ನಾವು ಒಂದೊಂದು ಸಲ ಒತ್ತಿದಾಗಲೂ ಅದಕ್ಕೆ ನಾವು ಹೊಸಬರೇ. ಹಾಗಾಗಿ ಲಾಗಿನ್ ಆದ ಕೂಡಲೇ ಅದು ನಮ್ಮ ಹೆಸರಿನಲ್ಲಿ ಒಂದು ಪೆಟ್ಟಿಗೆ ಇಟ್ಟುಕೊಳ್ಳುತ್ತದೆ. ಆ ಪೆಟ್ಟಿಗೆಯ ಗುರುತನ್ನು ನಮ್ಮ ಫೋನಿಗೆ ಕೊಡುತ್ತದೆ. ಮುಂದಿನ ಸಲ ಆ ಗುರುತು ಕಂಡ ಕೂಡಲೇ ಪೆಟ್ಟಿಗೆ ತೆರೆದು, ಓ ಇವಳಾ, ಅನ್ನುತ್ತದೆ. ಇದೇ ಸೆಷನ್. ಈಗಿನ ಫ್ರೇಮ್‌ವರ್ಕುಗಳಲ್ಲಿ ಅಂದರೆ ಕೋಡ್ ಬರೆಯಲು ಸಿಗುವ ಸಿದ್ಧ ಚೌಕಟ್ಟುಗಳಲ್ಲಿ ಇದು ಬಲು ಸುಲಭ. ಒಂದು ಸಾಲು ಬರೆದರೆ ಆ ಪೆಟ್ಟಿಗೆಗೆ ಏನು ಬೇಕಾದರೂ ತುಂಬಬಹುದು. ನಾವು ಯಾರು ಅನ್ನುವುದನ್ನು ಅಲ್ಲಿಡುವುದು ಸರಿ. ಆದರೆ ನಾವು ಈಗ ಏನು ನೋಡುತ್ತಿದ್ದೇವೆ ಅನ್ನುವುದನ್ನೂ ಅಲ್ಲಿಟ್ಟರೆ? ಪೆಟ್ಟಿಗೆ ಒಬ್ಬರಿಗೆ ಒಂದೇ. ನಾವು ಎಷ್ಟು ಟ್ಯಾಬು ತೆರೆದರೂ ಒಂದೇ.

ನನ್ನ ತಮ್ಮ ಅದನ್ನೇ ಮಾಡಿದ್ದ. ಒಂದು ಮೋಟಾರಿನ ಪುಟ ತೆರೆದ ಕೂಡಲೇ 'ಈಗಿನ ಮೋಟಾರು ಇದು' ಅಂತ ಸೆಷನ್ನಿನಲ್ಲಿ ಬರೆದಿಡುತ್ತಿದ್ದ. ಹಸಿರು ಬಟನ್ನು ಯಾವ ಮೋಟಾರು ಅಂತ ಹೇಳುತ್ತಲೇ ಇರಲಿಲ್ಲ. ಚಾಲೂ ಮಾಡು, ಅಷ್ಟೇ ಅನ್ನುತ್ತಿತ್ತು. ಯಾವುದನ್ನು ಅಂತ ಸರ್ವರು ಪೆಟ್ಟಿಗೆಯಲ್ಲಿ ನೋಡಿಕೊಳ್ಳುತ್ತಿತ್ತು. ಕೊನೆಗೆ ತೆರೆದದ್ದು ಯಾವುದೋ ಅದು.

ಅವನ ಫೋನು ಇಸಿದುಕೊಂಡೆ. ಒಂದು ಟ್ಯಾಬಿನಲ್ಲಿ ಮೊದಲನೆಯ ಬಲ್ಬು, ಇನ್ನೊಂದರಲ್ಲಿ ಎರಡನೆಯದು. ಮೊದಲನೆಯ ಟ್ಯಾಬಿಗೆ ಮರಳಿ, ಅವನ ಮುಖದ ಎದುರಿಗೇ ಹಿಡಿದು, ಹೆಸರು ಓದಿಸಿ, ಒತ್ತಿದೆ. ಎರಡನೆಯ ಬಲ್ಬು ಉರಿಯಿತು.

"ಅಯ್ಯಯ್ಯೋ," ಅಂದ. "ಎರಡೆರಡು ಟ್ಯಾಬ್ ತೆಗೆದು ಇಟ್ಕೊಳ್ತಾರೆ ಅಂತ ನಂಗೆಂತ ಗೊತ್ತು ಅಕ್ಕ? ನಾನು ಒಂದರಲ್ಲೇ ಹಿಂದೆ ಮುಂದೆ ಹೋಗಿ ನೋಡಿದ್ದು."

"ಇಲ್ಲಿ ಫೈಬರ್ ನೆಟ್ ಉಂಟು, ಹಿಂದೆ ಮುಂದೆ ಹೋಗ್ತೀಯ! ನಮ್ಮನೆಗೆ ಬಂದು ಕಣದಲ್ಲಿ ನಿಂತು ಒಂದು ದಿನ ಒತ್ತಿ ನೋಡಿದ್ಯಾ? ಈ ಕಡೆ ಊರಲ್ಲೇ ಹುಟ್ಟಿದವನಲ್ವಾ ನೀನು? ಅಮೆರಿಕದವನು ಬರೆದಿದ್ರೆ ಅವನಿಗೆ ಗೊತ್ತಿಲ್ಲ ಅನ್ಬಹುದಿತ್ತು!"

ಕೆಳಗಿನ ಅಂಗಡಿಯವರು ಮೆಟ್ಟಿಲ ತನಕ ಬಂದು ನೋಡಿ ಹೋದರು. ಹೋಗಲಿ. ನನಗೆ ಆ ಹೊತ್ತಿನಲ್ಲಿ ಊರೇ ಬಂದು ನಿಂತರೂ ಲೆಕ್ಕವಿರಲಿಲ್ಲ.

"ಈಗ ಬಂದ್ ಮಾಡು. ಎಲ್ಲಾ ತೋಟದ್ದೂ."

"ಸಂಜೆ ಸರಿ ಮಾಡಿ ಹಾಕ್ತೀನಿ, ಯಾರಿಗೂ ಗೊತ್ತಾಗಲ್ಲ—"

"ಈಗ! ಯಾರ ಕೈ ಎಲ್ಲಿ ಉಂಟೋ ಯಾರಿಗೆ ಗೊತ್ತು!"

ಬಂದ್ ಮಾಡಿದ. ಇನ್ನು ಒಂದೊಂದು ತೋಟಕ್ಕೂ ಫೋನ್ ಮಾಡಿ ಕಾರಣ ಹೇಳು ಅಂದೆ. ಅವನು ಫೋನ್ ಎತ್ತಲಿಲ್ಲ. ಉಗುರು ಕಚ್ಚುತ್ತಾ ಕೂತ. ಅವನು ಹುಟ್ಟಿದಾಗಿನಿಂದ ಬಲ್ಲೆ ನಾನು, ಉಗುರು ಕಚ್ಚಿದರೆ ಇನ್ನೂ ಏನೋ ಒಳಗಿದೆ ಅಂತ ಅರ್ಥ.

"ಎಂತ?"

"ಮೊನ್ನೆ ಒಂದು ಫೋನ್ ಬಂದಿತ್ತು ಅಕ್ಕ. ಆಲ್ದೂರು ಕಡೆ ಒಂದು ಎಸ್ಟೇಟಿಂದ. ಅಲ್ಲಿ ಲೆಕ್ಕ ಬರೆಯೋ ರೈಟರ್ ಒಂದು ಮೋಟಾರು ಒತ್ತಿದ್ರೆ ಇನ್ನೊಂದು ಎದ್ದಿತ್ತು ಅಂತ. ಯಾರಿಗೂ ಏನೂ ಆಗಿರ್ಲಿಲ್ಲ. ಪೈಪು ಮಾತ್ರ ಕಿತ್ತು ಹೋಗಿತ್ತು."

"ಮೊನ್ನೆ ಅಂದ್ರೆ? ಇವರಿಗೆ ಪೆಟ್ಟಾದ ಮೇಲೋ, ಮುಂಚೆಯೋ?"

ಅವನು ಉಗುರು ಬಿಟ್ಟ. "ಮುಂಚೆ."

ಕುರ್ಚಿ ಎಳೆದು ಅವನ ಎದುರಿಗೆ ಕೂತೆ. "ನೀನು ಎಂತ ಹೇಳಿದೆ ಅವರಿಗೆ?"

"ನಿಮ್ಮ ರೈಟರ್ ತಪ್ಪು ಒತ್ತಿರ್ಬೇಕು ಸರ್, ಅಂದೆ."

ಆಸ್ಪತ್ರೆಯ ವರಾಂಡದಲ್ಲಿ ನನಗೆ ಹೇಳಿದ್ದೂ ಅದನ್ನೇ. ಮೊದಲೇ ಕೇಳಿ ತಿಳಿದಿದ್ದೂ, ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ಕಣ್ತಪ್ಪಿರ್ತದೆ ಅಕ್ಕ ಅಂದಿದ್ದ. ನಾನು ಎತ್ತಿ ಆಡಿಸಿದ ಹುಡುಗ. ಬಾರಿಸಬೇಕು ಅನ್ನಿಸಿತು, ಕೈ ಏಳಲಿಲ್ಲ. ಆ ಫೋನು ಬಂದ ದಿನ ಈ ಎರಡು ಬಲ್ಬನ್ನು ಒಂದು ಸಲ ಹೀಗೆ ಹಚ್ಚಿ ನೋಡಿದ್ದರೆ ಇವರ ಬೆರಳು ಇರುತ್ತಿತ್ತು. ಅದನ್ನು ಅವನಿಗೆ ಹೇಳಿದೆ ಕೂಡ. ಅವನು ಅತ್ತ. ಅಳಲಿ ಅಂತ ಬಿಟ್ಟೆ.

ಮೊದಲ ಫೋನು ಆಲ್ದೂರಿಗೇ ಮಾಡಿಸಿದೆ. ಸ್ಪೀಕರ್ ಹಾಕಿಸಿದೆ. ತಪ್ಪು ನಮ್ಮ ಕೋಡಿನದು, ನಿಮ್ಮ ರೈಟರದ್ದಲ್ಲ ಅಂತ ಅವನ ಬಾಯಲ್ಲೇ ಹೇಳಿಸಿದೆ. ಆ ಕಡೆಯಿಂದ ಮಾಲೀಕರು ಅಂದರು,

"ಅಲ್ಲ ಮಾರಾಯ, ನಿನ್ನ ಮಾತು ಕೇಳ್ಕೊಂಡು ನಾನು ಅವ್ನಿಗೆ ಆಳುಗಳ ಎದುರಿಗೇ ಬಾಯಿಗೆ ಬಂದಂಗೆ ಬೈದೆನಲ್ಲ. ಅವ್ನು ಒಂದೇ ಸಮ ಹೇಳ್ತಿದ್ದ, ಅಲ್ಲ ಸಾರ್, ನಾನು ಸರಿಯಾಗೇ ಒತ್ತಿದ್ದು ಅಂತ. ನಾನು ಕೇಳ್ಳಿಲ್ಲ. ಮರುದಿನದಿಂದ ಕೆಲಸಕ್ಕೆ ಬಂದಿಲ್ಲ ಅವ್ನು."

"ಈಗ ಎಲ್ಲಿದ್ದಾರೆ ಸಾರ್ ಅವರು?" ನಾನೇ ಕೇಳಿದೆ.

"ಕಳಸದ ಕಡೆ ಅವ್ನ ಮನೆ. ಹೋಗಿ ಕರೀಬೇಕು ಇನ್ನು. ಯಾವ ಮುಖ ಇಟ್ಕೊಂಡು ಹೋಗ್ಲಿ?"

ಉಳಿದ ತೋಟಗಳಿಗೂ ಫೋನಾಯಿತು. ಕೆಲವರು ಬೈದರು. ಒಬ್ಬರು ನಕ್ಕು, ಅಯ್ಯೋ ಹೌದಾ, ನಮ್ಮಲ್ಲೂ ಒಂದು ಸಲ ಹಂಗಾಗಿತ್ತು, ನನ್ನ ಹೆಂಡತಿಗೆ ಬೈದಿದ್ದೆ ಅಂದರು. ನಾನು ಫೋನ್ ಕಸಿದುಕೊಂಡು, ಮೊದಲು ಅವರ ಹತ್ತಿರ ತಪ್ಪಾಯ್ತು ಅನ್ನಿ ಅಂದೆ. ಆ ಕಡೆಯ ನಗು ನಿಂತಿತು.

ಎಲ್ಲ ಮುಗಿದ ಮೇಲೆ ತಮ್ಮ ಮೆಲ್ಲಗೆ ಅಂದ, "ಭಾವಂಗೆ ಹೇಳ್ಬೇಡ ಅಕ್ಕ. ನಾನು ಮುಖ ತೋರ್ಸಕ್ಕಾಗಲ್ಲ."

"ಹೇಳದೆ? ಜೀವಮಾನ ಪೂರ್ತಿ ಅವರ ಬೆರಳು ತೆಗೆದವಳು ಅಂತ ನಾನು ಅನ್ನ ಬಡಿಸ್ಬೇಕಾ?"

ಇವರನ್ನು ಮನೆಗೆ ಕರೆತಂದ ಮೇಲೆ ಹೇಳಿದೆ. ಸೆಷನ್ನು, ಪೆಟ್ಟಿಗೆ, ಟ್ಯಾಬು, ಎಲ್ಲವನ್ನೂ ಬಿಡಿಸಿ ಹೇಳಿದೆ. ಇವರು ತಾಳ್ಮೆಯಿಂದ ಕೇಳಿದರು. ಕೇಳಿ, "ಆಯ್ತು ಬಿಡು, ಯಾರಿಗಾದ್ರೂ ಆಗ್ತದೆ. ಪಾಪ ಅವ್ನ ಮೇಲೆ ಯಾಕೆ ಹಾಕ್ತೀಯ?" ಅಂದರು.

ನಂಬಲಿಲ್ಲ! ಇಷ್ಟೆಲ್ಲ ಹೇಳಿದ ಮೇಲೂ ನಂಬಲಿಲ್ಲ. ಹೆಂಡತಿ ನೆಪ ಹುಡುಕಿಕೊಂಡಿದ್ದಾಳೆ, ಅದಕ್ಕೂ ಅಡ್ಡಿಯಿಲ್ಲ ಅನ್ನುವ ಮುಖ. ಆ ಒಳ್ಳೆಯತನ ಕಂಡು ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ತಮ್ಮನಿಗೆ ಹೇಳಿ ಕಳಿಸಿದೆ, ಆ ಎರಡು ಬಲ್ಬು ಹಿಡ್ಕೊಂಡು ಬಾ ಅಂತ. ಹಳೆಯ ಕೋಡನ್ನು ಅವೆರಡಕ್ಕೆ ಮಾತ್ರ ಉಳಿಸು ಅಂದೆ.

ಬಂದ. ಇವರ ಕೈಯ ಕಟ್ಟು ನೋಡಿ ನೆಲ ನೋಡಿದ. ಕಣದ ಮೂಲೆಗೆ ವೈರು ಎಳೆದು ಕಲ್ಲಿನ ಮೇಲೆ ಬಲ್ಬುಗಳನ್ನು ಇಟ್ಟ. ಒಂದಕ್ಕೆ ಮೇಲಿನದು, ಒಂದಕ್ಕೆ ಕೆಳಗಿನದು ಅಂತ ಚೀಟಿ ಅಂಟಿಸಿದ. ಇವರನ್ನು ಕುರ್ಚಿ ಹಾಕಿ ಕೂರಿಸಿದೆ. ತಮ್ಮನ ಫೋನಿನಲ್ಲಿ ಎರಡೂ ಟ್ಯಾಬು ತೆರೆದು ಎಡಗೈಗೆ ಕೊಟ್ಟೆ.

"ನಾನು ಬಾಯಿ ಬಿಡಲ್ಲ. ಆವತ್ತು ನಾನು ಮಾಡಿದ್ದನ್ನೇ ನೀವು ಮಾಡಿ. ಮೊದಲು ಕೆಳಗಿಂದು ಬಂದ್ ಆಗಿದ್ಯಾ ನೋಡಿ. ಆಮೇಲೆ ಮೇಲಿಂದರ ಟ್ಯಾಬಿಗೆ ಬಂದು ಒತ್ತಿ."

ಎಡಗೈ ಹೆಬ್ಬೆರಳಿಗೆ ಅಭ್ಯಾಸವಿಲ್ಲ, ತಡವರಿಸಿದರು. ಕೆಳಗಿನದರ ಪುಟ ತರಿಸಿದರು. ನಿಧಾನಕ್ಕೆ ಬಂತು. "ಬಂದ್ ಅಂತ ಉಂಟು," ಅಂದರು. ಮೇಲಿನದಕ್ಕೆ ಮರಳಿದರು. ನನ್ನ ಮುಖ ನೋಡಿದರು, ಮಗುವಿನ ಹಟಕ್ಕೆ ಒಪ್ಪಿದವರ ಹಾಗೆ.

ಒತ್ತಿದರು.

ಕೆಳಗಿನ ಬಲ್ಬು ಹತ್ತಿತು.

ಅದು ಬರೀ ಬಲ್ಬು. ಆದರೂ ಮಡಿಲಲ್ಲಿದ್ದ ಇವರ ಬಲಗೈ ತಾನಾಗಿ ಜಿಗಿದು ಎದೆಗೆ ಅವುಚಿಕೊಂಡಿತು. ಕುರ್ಚಿ ಹಿಂದಕ್ಕೆ ಸರಿಯಿತು.

"ಮೇಲಿಂದೇ ಒತ್ತಿದ್ದು ನಾನು," ಅಂದರು. ಯಾರೋ ಇಲ್ಲ ಅಂದ ಹಾಗೆ. ಫೋನನ್ನು ನನ್ನ ಕಡೆ ಚಾಚಿ, "ನೋಡು, ಇಲ್ಲೇ ಉಂಟಲ್ಲ, ಮೇಲಿನ ಮೋಟಾರು ಅಂತ! ನೋಡು ಮಾರಾಯ್ತಿ!"

"ಹೂಂ. ನೋಡಿದೆ."

ಇವರು ಬಲ್ಬನ್ನು ನೋಡಿದರು, ಪುಟವನ್ನು ನೋಡಿದರು, ಮತ್ತೆ ಬಲ್ಬನ್ನು ನೋಡಿದರು. ತಮ್ಮ ವೈರು ಹಿಡಿದು ನಿಂತೇ ಇದ್ದ. ಇವರು ಅವನ ಕಡೆ ತಿರುಗಲಿಲ್ಲ. ನನ್ನನ್ನೇ ಕೇಳಿದರು, ದನಿ ಸಣ್ಣದಾಗಿತ್ತು.

"ಅಂದ್ರೆ ಆವತ್ತು ನೀನು ಕೆಳಗಿಂದು ನಿಂತಿದ್ಯಾ ಅಂತ ನೋಡಕ್ಕೇ ಹೋಗದೆ ಇದ್ದಿದ್ರೆ?"

"ಮೇಲಿಂದೇ ಸ್ಟಾರ್ಟ್ ಆಗ್ತಿತ್ತು," ಅಂದೆ.